ಹಳೆಯ ಚರ್ಮದ ಜಾಕೆಟ್‌ಗೆ ಅಷ್ಟು ಬೆಲೆ ಏಕೆ? ಕಾರವಾರದ ಹವೆಗೆ ಅದು ತಾಳುತ್ತದೆಯೇ?

ಗೋವಾದ ಸಂತೆಯಲ್ಲಿ ಕಂಡ ಹಳೆಯ ಚರ್ಮದ ಜಾಕೆಟ್‌ಗೆ ಹೊಸದಕ್ಕಿಂತ ಹೆಚ್ಚು ಬೆಲೆ ಹೇಳಿದರು, ಕಾರವಾರದಲ್ಲಿರುವ ನಾನು ಅದನ್ನು ಕೊಳ್ಳಬಹುದೇ ಎಂದು ಕೇಳಿದ್ದೀರಿ. ನಾನು ಶಿರಸಿಯಲ್ಲಿ ಕೋಟು ಹೊಲಿಯುವ ದರ್ಜಿ. ಹಳೆಯ ಕೋಟು, ಜಾಕೆಟ್‌ಗಳ ರಿಪೇರಿಯನ್ನೂ ಮಾಡುವುದರಿಂದ ಯಾವುದು ಕೈಗೆ ಬಂದರೂ ಮೊದಲು ಒಳಮಗ್ಗುಲು ತಿರುಗಿಸಿ ನೋಡುವ ಚಾಳಿ. ಕೊಳ್ಳಬಹುದು, ಭುಜ ಸರಿಯಾಗಿ ಕೂತರೆ ಮಾತ್ರ.

ಇವತ್ತು ಶೋಕಿಗೆಂದು ತೊಡುವ ಜಾಕೆಟ್‌ಗಳಲ್ಲಿ ಹೆಚ್ಚಿನವು ಹುಟ್ಟಿದ್ದು ದುಡಿಮೆಗೆ, ಇಲ್ಲವೇ ಯುದ್ಧಕ್ಕೆ. 1928ರಲ್ಲಿ ನ್ಯೂಯಾರ್ಕ್‌ನ ಇರ್ವಿಂಗ್ ಶಾಟ್ ಮೋಟಾರ್‌ಸೈಕಲ್ ಸವಾರರಿಗೆಂದು ಜಿಪ್ ಇಟ್ಟು ಮಾಡಿದ ಪರ್ಫೆಕ್ಟೊ ಜಾಕೆಟ್ 5.50 ಡಾಲರ್‌ಗೆ ಮಾರಾಟವಾಗುತ್ತಿತ್ತು. ಈ ಬಗೆಯ ಜಾಕೆಟ್‌ನಲ್ಲಿ ಜಿಪ್ ಓರೆಯಾಗಿರುವುದಕ್ಕೆ ಕಾರಣವಿದೆ: ಒಂದು ಮಗ್ಗುಲು ಇನ್ನೊಂದರ ಮೇಲೆ ಅಗಲವಾಗಿ ಕೂತು ಎದೆಗೆ ಬಡಿಯುವ ಗಾಳಿಯನ್ನು ತಡೆಯುತ್ತದೆ. 1953ರಲ್ಲಿ ಹಾಲಿವುಡ್ ನಟ ಮರ್ಲಾನ್ ಬ್ರಾಂಡೊ ತೆರೆಯ ಮೇಲೆ ಇಂಥದ್ದನ್ನು ತೊಟ್ಟ ಮೇಲೆ ಅದು ಪುಂಡ ಹುಡುಗರ ಸಮವಸ್ತ್ರವಾಯಿತು. ಅಮೆರಿಕದ ವಾಯುಪಡೆಯ ಎಂಎ-1 ಜಾಕೆಟ್‌ನ ಕಿತ್ತಳೆ ಬಣ್ಣದ ಅಸ್ತರನ್ನು ಹುಡುಗರು ಫ್ಯಾಷನ್ ಎಂದುಕೊಂಡಿದ್ದಾರೆ. ವಿಮಾನ ಬಿದ್ದರೆ ಪೈಲಟ್ ಅದನ್ನು ತಿರುಗಿಸಿ ತೊಡಲಿ, ಹುಡುಕುವವರ ಕಣ್ಣಿಗೆ ಬೀಳಲಿ ಎಂದು ಇಟ್ಟ ಬಣ್ಣ ಅದು. ಇಂಗ್ಲೆಂಡಿನ ಥಾಮಸ್ ಬರ್ಬೆರಿ 1879ರಲ್ಲಿ ಗ್ಯಾಬರ್ಡೀನ್ ಬಟ್ಟೆ ಕಂಡುಹಿಡಿದ; ನೇಯುವ ಮೊದಲೇ ನೂಲಿಗೆ ನೀರು ಹಿಡಿಯದಂತೆ ಹದ ಮಾಡುತ್ತಿದ್ದ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಅನೇಕ ಅಧಿಕಾರಿಗಳು ತೊಟ್ಟದ್ದು ಆ ಬಟ್ಟೆಯ ಕೋಟನ್ನು. ನಮ್ಮ ಆಷಾಢದ ಮಳೆಯಲ್ಲಿ ಅದು ಎಷ್ಟು ಹೊತ್ತು ತಡೆದೀತು ಎಂಬುದು ಬೇರೆ ಮಾತು. ನನ್ನನ್ನು ಕೇಳಿದರೆ ಗದ್ದೆಗೆ ಕಂಬಳಿಕೊಪ್ಪೆಯೇ ಸರಿ.

ದೊಡ್ಡ ಹೆಸರಿನ ಡಿಸೈನರ್‌ಗಳಲ್ಲಿ ನಾನು ತಲೆಬಾಗುವುದು ಫ್ರಾನ್ಸಿನ ಕೊಕೊ ಶನೆಲ್ ಅವರಿಗೆ. 1954ರಲ್ಲಿ ಮತ್ತೆ ವ್ಯವಹಾರಕ್ಕಿಳಿದ ಮೇಲೆ ಅವರು ಮಾಡಿದ ಟ್ವೀಡ್ (ಒರಟು ಉಣ್ಣೆ ಬಟ್ಟೆ) ಜಾಕೆಟ್‌ನ ಕೆಳ ಅಂಚಿನೊಳಗೆ ತೆಳುವಾದ ಸರಪಳಿಯೊಂದನ್ನು ಹೊಲಿದಿರುತ್ತಾರೆ. ಅದರ ಭಾರಕ್ಕೆ ಜಾಕೆಟ್ ಎಲ್ಲೂ ಮೇಲೇಳದೆ ನೆಟ್ಟಗೆ ಇಳಿಬೀಳುತ್ತದೆ. ಹೊರಗೆ ಕಾಣದ ಇಂಥ ಕೆಲಸಕ್ಕೆ ದುಡ್ಡು ಕೊಡಬೇಕು. ಇಟಲಿಯ ಜಾರ್ಜಿಯೊ ಅರ್ಮಾನಿ 1970ರ ದಶಕದಲ್ಲಿ ಇದಕ್ಕೆ ತಿರುಗುಮುರುಗಾಗಿ ಒಳಗಿನ ಪ್ಯಾಡು, ಎದೆಯ ಆಕಾರ ನಿಲ್ಲಿಸುವ ಗಟ್ಟಿ ಕ್ಯಾನ್ವಾಸ್‌ಗಳನ್ನು ತೆಗೆದುಹಾಕಿ ಕೋಟನ್ನು ಅಂಗಿಯಷ್ಟು ಹಗುರ ಮಾಡಿದರು. ಸುಲಭ ಎಂದುಕೊಳ್ಳಬೇಡಿ. ಪ್ಯಾಡು ಮುಚ್ಚಿಡುತ್ತಿದ್ದ ಕತ್ತರಿಯ ತಪ್ಪುಗಳೆಲ್ಲ ಆಗ ಬಯಲಾಗುತ್ತವೆ.

ಇನ್ನು ಬೆಲೆ. ಹಳೆಯ ಒಳ್ಳೆಯ ಕೋಟಿನ ಎದೆಯೊಳಗೆ ಕ್ಯಾನ್ವಾಸನ್ನು ಕೈಯಿಂದ ಹೊಲಿದಿರುತ್ತಾರೆ. ಅದು ತೊಡುವವನ ಮೈಗೆ ಹೊಂದುತ್ತಾ ಹೋಗುತ್ತದೆ. ಇಂದಿನ ಅಗ್ಗದ ಕೋಟುಗಳಲ್ಲಿ ಅದರ ಬದಲು ಅಂಟಿನಿಂದ ಕೂರಿಸಿದ ಒಳಬಟ್ಟೆ (ಫ್ಯೂಸಿಂಗ್) ಇರುತ್ತದೆ, ಅಂಟು ಬಿಟ್ಟರೆ ಎದೆಯ ಮೇಲೆ ಗುಳ್ಳೆ ಏಳುತ್ತದೆ. ಹಳೆಯದರಲ್ಲಿ ಹೊಲಿಗೆಯ ಒಳಗೆ ಬಟ್ಟೆಯನ್ನು ಧಾರಾಳವಾಗಿ ಬಿಟ್ಟಿರುವುದರಿಂದ ದಪ್ಪಗಾದಾಗ ಬಿಚ್ಚಿ ಸಡಿಲಿಸಬಹುದು. ಹಳೆಯದಕ್ಕೆ ಹೆಚ್ಚು ಕೊಡುವುದಾದರೆ ಇದಕ್ಕೆ ಕೊಡಿ, ಕಾಲರಿನ ಲೇಬಲ್‌ಗೆ ಬೇಡ. ಲೇಬಲ್ ಹೊಲಿಯಲು ನನಗೆ ಐದು ನಿಮಿಷ ಸಾಕು. ಹೊರದೇಶದ ಹಳೆಯ ಬಟ್ಟೆ ಗುಜರಾತಿನ ಕಾಂಡ್ಲಾಕ್ಕೆ ಮೂಟೆಗಟ್ಟಲೆ ಬಂದಿಳಿಯುತ್ತದೆ, ಹರಿದ ಉಣ್ಣೆ ಪಾಣಿಪತ್ತಿಗೆ ಹೋಗಿ ಮತ್ತೆ ನೂಲಾಗುತ್ತದೆ ಎಂಬುದನ್ನೂ ಚೌಕಾಸಿ ಮಾಡುವಾಗ ನೆನಪಿಡಿ. ಹಳೆಯದೆಲ್ಲ ಅಪರೂಪದ್ದಲ್ಲ.

ಆದರೆ ಚರ್ಮಕ್ಕೆ ಬಿಚ್ಚಿ ಹೊಲಿಯುವ ಈ ಅನುಕೂಲವಿಲ್ಲ. ಬಟ್ಟೆಯಲ್ಲಿ ಸೂಜಿಯ ಗುರುತು ಇಸ್ತ್ರಿಗೆ ಮಾಯವಾಗುತ್ತದೆ, ಚರ್ಮದಲ್ಲಿ ಬಿದ್ದ ತೂತು ತೂತೇ. ಅಸ್ತರು ಬದಲಾಯಿಸಬಹುದು, ಜಿಪ್ ಬದಲಾಯಿಸಬಹುದು, ಭುಜ ಮಾತ್ರ ಯಾರಿಂದಲೂ ಆಗದು.

ಕಾರವಾರದಲ್ಲಿ ನಿಮ್ಮ ನಿಜವಾದ ವೈರಿ ತೇವ. ಮಳೆಗಾಲದಲ್ಲಿ ಬೀರುವಿನೊಳಗೆ ಮುಚ್ಚಿಟ್ಟ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ, ಉಪ್ಪುಗಾಳಿಗೆ ಲೋಹದ ಜಿಪ್ ಕಿಲುಬುಗಟ್ಟುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಇಡಲೇಬೇಡಿ. ಅಗಲ ಭುಜದ ಹ್ಯಾಂಗರಿಗೆ ಹಾಕಿ, ಹಳೆಯ ಹತ್ತಿ ಪಂಚೆ ಹೊದಿಸಿ, ಮಳೆ ಬಿಟ್ಟ ದಿನ ನೆರಳಿನಲ್ಲಿ ಗಾಳಿಗೆ ಹಿಡಿಯಿರಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಟ್ಟವರನ್ನು ನೋಡಿದ್ದೇನೆ. ಬೂಷ್ಟೇನೋ ಬರಲಿಲ್ಲ, ಚರ್ಮ ಒಣಗಿ ಸೀಳಿತು. ರೆಕ್ಸಿನ್ ಜಾಕೆಟ್‌ಗಳ ಪಾಡು ಇನ್ನೂ ಕೆಟ್ಟದ್ದು: ತೇವಕ್ಕೆ ಮೇಲಿನ ಪದರ ಕಳಚಿ ಸಿಪ್ಪೆ ಏಳುತ್ತದೆ, ಅದಕ್ಕೆ ರಿಪೇರಿಯಿಲ್ಲ.

ಸಂತೆಗೆ ಮತ್ತೆ ಹೋದಾಗ ತೋಳಿನ ಒಳಮಡಿಕೆಯನ್ನು ಬಗ್ಗಿಸಿ ನೋಡಿ. ಬಿರುಕಿನೊಳಗೆ ಬಟ್ಟೆಯ ನೇಯ್ಗೆ ಕಂಡರೆ ಅದು ರೆಕ್ಸಿನ್, ಬಿಟ್ಟು ಬನ್ನಿ. ಒಳಗೆ ಮೂಗಿಟ್ಟು ಮೂಸಿ; ಬೂಷ್ಟಿನ ವಾಸನೆ ಅಸ್ತರಿಗೆ ಹತ್ತಿದ್ದರೆ ಹೊಸ ಅಸ್ತರಿನ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ತೊಡುವ ದಿನಗಳು ಕಾರವಾರದಲ್ಲಿ ಕಡಿಮೆಯೇ, ಡಿಸೆಂಬರಿನ ಬೆಳಗಿನ ಜಾವಕ್ಕೆ ಸಿಕ್ಕರೆ ಪುಣ್ಯ. ಅದೇ ತಿಂಗಳು ದೇವಿಮನೆ ಘಟ್ಟ ಹತ್ತಿ ಬೈಕಿನಲ್ಲಿ ಶಿರಸಿಗೆ ಬರುವವರಾದರೆ ಓರೆ ಜಿಪ್ಪಿನ ಉಪಯೋಗ ಯಾರೂ ವಿವರಿಸಬೇಕಾಗಿಲ್ಲ.