ಎರಡು ಸಾವಿರದ ಸ್ಮಾರ್ಟ್‌ವಾಚ್ ವಾಕಿಂಗಿಗೆ ಸಾಕಾ, ಅದರಲ್ಲಿ ಬಿಪಿ ನೋಡಬಹುದಾ?

ನೀವು ಕೇಳಿದ್ದು ಇಷ್ಟು: ಹಾಸನದಲ್ಲಿದ್ದೀರಿ, ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ವಾಕಿಂಗ್, ಆಮೇಲೆ ಸ್ಕೂಟಿಯಲ್ಲಿ ಕೆಲಸಕ್ಕೆ. ಎರಡು ಸಾವಿರದ ಆಸುಪಾಸಿನ ವಾಚ್ ದಿನಬಳಕೆಗೂ ಫಿಟ್‌ನೆಸ್ಸಿಗೂ ಸಾಕಾ, ಅಮ್ಮನ ಬಿಪಿಯನ್ನೂ ಅದರಲ್ಲೇ ನೋಡಬಹುದಾ ಅಂತ. ವಾಕಿಂಗಿಗೆ ಸಾಕು. ಬಿಪಿಗೆ ಬೇಡವೇ ಬೇಡ. ಇಲ್ಲಿಗೇ ನಿಲ್ಲಿಸಿದರೂ ಉತ್ತರ ಸರಿಯೇ, ಆದರೆ ಇಷ್ಟು ತಿಳಿಯಲು ನನಗೆ ಒಂದೂವರೆ ವರ್ಷ ಹಿಡಿಯಿತು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ಚಿಕ್ಕಮಗಳೂರಿನ ಆಲ್ದೂರು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಹೆಸರು ರೈಟರ್ ಆದರೂ ಬರೆಯುವುದು ಸಂಜೆ ಅರ್ಧ ಗಂಟೆ, ಉಳಿದಿದ್ದೆಲ್ಲ ನಡೆಯುವುದು. ಯಾವ ಕಡೆ ಎಷ್ಟು ಆಳು, ಎಲ್ಲಿ ಮರಗಸಿ (ನೆರಳು ಮರದ ಕೊಂಬೆ ಸವರುವುದು), ಎಲ್ಲಿ ಗೊಬ್ಬರ ಅಂತ ದಿನವಿಡೀ ಏರು ಇಳಿಜಾರು ಸುತ್ತಬೇಕು. ಇಷ್ಟು ನಡೆದರೂ ಹೊಟ್ಟೆ ಯಾಕೆ ಇಳಿಯುತ್ತಿಲ್ಲ ಅಂತ ಲೆಕ್ಕ ಹಾಕಲು ವಾಚ್ ತಗೊಂಡಿದ್ದು. 1,799 ರೂಪಾಯಿ. ಪೆಟ್ಟಿಗೆ ಮೇಲೆ 7,999 ಅಂತ ಬರೆದು ಅಡ್ಡಗೆರೆ ಎಳೆದಿತ್ತು, ಆ ಬೆಲೆಗೆ ಅದನ್ನು ಜನ್ಮದಲ್ಲಿ ಯಾರೂ ಕೊಂಡಿರಲಾರರು. ಕಂಪನಿ ಹೆಸರು ಹೇಳುವುದಿಲ್ಲ. ಈ ಬೆಲೆಯಲ್ಲಿ ಒಂದಕ್ಕೂ ಇನ್ನೊಂದಕ್ಕೂ ಪಟ್ಟಿಯ ಬಣ್ಣ ಬಿಟ್ಟರೆ ಅಂಥ ವ್ಯತ್ಯಾಸ ಇಲ್ಲ.

ಮೊದಲು ಹೆಜ್ಜೆ ಲೆಕ್ಕ. ವಾಚಿಗೆ ನಿಮ್ಮ ಕಾಲು ಕಾಣುವುದಿಲ್ಲ, ಅಲ್ವಾ? ಅದಕ್ಕೆ ಗೊತ್ತಾಗುವುದು ಕೈಯ ಅಲುಗಾಟ ಮಾತ್ರ. ಒಳಗೆ ಅಕ್ಸೆಲೆರೋಮೀಟರ್ ಅಂತ ಒಂದು ಚಿಕ್ಕ ಚಿಪ್ ಇರುತ್ತದೆ, ಒಂದೇ ಲಯದಲ್ಲಿ ಕೈ ಆಡಿದರೆ ಅದನ್ನು ನಡಿಗೆ ಅಂದುಕೊಳ್ಳುತ್ತದೆ. ನಮ್ಮ ತೋಟದಿಂದ ಟಾರು ರಸ್ತೆಗೆ ಎರಡು ಕಿಲೋಮೀಟರ್ ಮಣ್ಣು ದಾರಿ. ಬೈಕಿನಲ್ಲಿ ಕೂತು ಒಂದು ಸಲ ಹೋಗಿಬಂದರೆ ಐನೂರು ಆರುನೂರು ಹೆಜ್ಜೆ ಸುಮ್ನೆ ಜಮೆಯಾಗುತ್ತಿತ್ತು. ಗುಂಡಿಗಳೇ ನನ್ನ ಪರವಾಗಿ ನಡೆಯುತ್ತಿದ್ದವು ಅನ್ನಿ. ಮಳೆಗಾಲದಲ್ಲಿ ಇದು ತಿರುಗುಮುರುಗು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡಗೈಯಲ್ಲಿ ಛತ್ರಿ, ಆ ಕೈ ಅಲ್ಲಾಡುವುದೇ ಇಲ್ಲ, ಅದರಲ್ಲೇ ವಾಚ್. ಸಂಜೆವರೆಗೆ ಕಾಲು ಸೋಲುವಷ್ಟು ಸುತ್ತಿ ಬಂದು ನೋಡಿದರೆ 2,140 ಹೆಜ್ಜೆ ಅಂತ ತೋರಿಸಿ, ಎದ್ದು ಓಡಾಡಿ ಅಂತ ಬುದ್ಧಿವಾದ ಬೇರೆ. ಛತ್ರಿಯನ್ನು ಬಲಗೈಗೆ ಹಾಕಿದ ಮೇಲೆ ಲೆಕ್ಕ ಸರಿಯಾಯಿತು.

ಹಣ್ಣು ಕೊಯ್ಯುವ ಹೆಂಗಸರೊಬ್ಬರ ಕೈಗೆ ಒಂದು ದಿನ ಕಟ್ಟಿಕೊಟ್ಟಿದ್ದೆ. ಅವರ ಕೈ ಗಿಡದ ಮೇಲೇ ಇರುತ್ತದೆ, ಕಾಲು ಇಂಚಿಂಚೇ ಸರಿಯುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತು ಕೊಯ್ದು, ಮೂಟೆ ಹೊತ್ತು ತೂಕಕ್ಕೆ ತಂದವರಿಗೆ ಆ ವಾಚ್ ಕೊಟ್ಟ ಅಂಕ ಆಫೀಸಿನಲ್ಲಿ ಕೂರುವವರಿಗಿಂತ ಕಡಿಮೆ. "ಇದಕ್ಕೆ ಕೆಲಸ ಅಂದ್ರೇನು ಗೊತ್ತಿಲ್ಲ ಬಿಡಿ ಅಣ್ಣ" ಅಂತ ವಾಪಸ್ ಕೊಟ್ಟರು. ಸರಿಯಾದ ವಿಮರ್ಶೆ ಅದೇ.

ಆದರೆ ನಿಮ್ಮ ಥರ ಕೈ ಬೀಸಿಕೊಂಡು ಪಾರ್ಕಿನಲ್ಲಿ ನಡೆಯುವವರಿಗೆ ಲೆಕ್ಕ ಚೆನ್ನಾಗೇ ಬರುತ್ತದೆ. ಬೇಕಾದರೆ ಪರೀಕ್ಷೆ ಮಾಡಿ, ಬಾಯಲ್ಲಿ ಎಣಿಸುತ್ತಾ ಐನೂರು ಹೆಜ್ಜೆ ನಡೆದು ನೋಡಿ. ನನಗೆ 488 ಬಂತು, ಸಾಕಲ್ಲ. ದೂರದ ಲೆಕ್ಕ ಮಾತ್ರ ಅಷ್ಟು ಚೆನ್ನಾಗಿಲ್ಲ. ಈ ಬೆಲೆಗೆ ಸಾಮಾನ್ಯವಾಗಿ ವಾಚಿನ ಒಳಗೇ ಜಿಪಿಎಸ್ ಇರುವುದಿಲ್ಲ. ಪೆಟ್ಟಿಗೆ ಮೇಲೆ ಕನೆಕ್ಟೆಡ್ ಜಿಪಿಎಸ್ ಅಂತ ಇದ್ದರೆ ಫೋನಿನ ಜಿಪಿಎಸ್ ಅಂತಲೇ ಅರ್ಥ, ಫೋನ್ ಜೇಬಿನಲ್ಲಿರಲೇಬೇಕು. ಫೋನ್ ಮನೆಯಲ್ಲಿ ಬಿಟ್ಟು ಹೋದರೆ ನಿಮ್ಮ ಎತ್ತರದಿಂದ ಹೆಜ್ಜೆ ಇಷ್ಟುದ್ದ ಇರಬಹುದು ಅಂತ ಊಹಿಸಿ ಗುಣಿಸುತ್ತದೆ. ರಸ್ತೆ ಬದಿಯ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿಗೆ ನಡೆದಾಗ ನನ್ನದು 1.2 ಕಿಲೋಮೀಟರ್ ಅಂದಿತ್ತು. ಪಾರ್ಕಿನಲ್ಲಿ ಎಷ್ಟು ಸುತ್ತು ಅಂತ ಎಣಿಸುವುದೇ ವಾಸಿ.

ಇನ್ನು ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲೇಬೇಕು ಅಂತ ಬರೆದಿದ್ದೀರಿ. ಆ ಸಂಖ್ಯೆ ಹೆಸರಾಗಿದ್ದು ಒಂದು ಯಂತ್ರದಿಂದ. 1965ರಲ್ಲಿ ಜಪಾನಿನಲ್ಲಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ಬಂತು, ಅದರ ಹೆಸರು ಮಾನ್‌ಪೋ ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಹೆಸರು ಚೆನ್ನಾಗಿತ್ತು, ಅದೇ ಗುರಿಯಾಗಿ ಉಳಿಯಿತು. 2019ರಲ್ಲಿ ಅಮೆರಿಕದಲ್ಲಿ ವಯಸ್ಸಾದ ಹದಿನಾರು ಸಾವಿರಕ್ಕೂ ಜಾಸ್ತಿ ಹೆಂಗಸರ ಹೆಜ್ಜೆ ಅಳೆದು ನೋಡಿದಾಗ, ಆಯುಸ್ಸಿನ ಲೆಕ್ಕದಲ್ಲಿ ಲಾಭ 7,500 ಹೆಜ್ಜೆಯ ಹತ್ತಿರ ನಿಂತುಬಿಟ್ಟಿತ್ತು, ಅದಕ್ಕಿಂತ ಜಾಸ್ತಿ ನಡೆದರೂ ಹೆಚ್ಚಲಿಲ್ಲ, 4,400 ನಡೆದವರಲ್ಲೂ 2,700 ನಡೆದವರಿಗಿಂತ ಸಾವು ಎಷ್ಟೋ ಕಡಿಮೆ. ಹಾಗಾಗಿ ಅಮ್ಮನಿಗೆ ಹತ್ತು ಸಾವಿರ ಅಂತ ಹೇಳಿ ಮಂಡಿ ನೋಯಿಸಬೇಡಿ.

ಎದೆಬಡಿತದ ವಿಷಯಕ್ಕೆ ಬರೋಣ. ವಾಚಿನ ಬೆನ್ನಿನಲ್ಲಿ ಮಿನುಗುವ ಹಸಿರು ದೀಪ ನೋಡಿರುತ್ತೀರಿ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿಗೆ ರಕ್ತ ನುಗ್ಗಿದಾಗ ವಾಪಸ್ ಬರುವ ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ, ಆ ಏರಿಳಿತವನ್ನು ಅದು ಎಣಿಸುತ್ತದೆ. ಸುಮ್ಮನೆ ಕೂತಾಗ ಇದು ಸರಿಯಾಗೇ ಕೆಲಸ ಮಾಡುತ್ತದೆ. ಕೈ ತಣ್ಣಗಾದರೆ, ಪಟ್ಟಿ ಸಡಿಲವಾದರೆ, ಜೋರಾಗಿ ಅಲ್ಲಾಡಿದರೆ ತಪ್ಪುತ್ತದೆ. ಹೋದ ದೀಪಾವಳಿಗೆ, ನರಕ ಚತುರ್ದಶಿಯ ದಿನ, ಮಲ್ಲೇನಹಳ್ಳಿ ಕಡೆಯ ದೇವೀರಮ್ಮನ ಬೆಟ್ಟ ಹತ್ತಿದೆವು. ವರ್ಷಕ್ಕೊಮ್ಮೆ ಆ ಹಬ್ಬಕ್ಕೇ ಹತ್ತುವ ಬೆಟ್ಟ ಅದು, ಬರಿಗಾಲು, ಕತ್ತಲು, ಮಂಜು, ಕಾಲಡಿ ಕೆಸರು. ಅರ್ಧ ದಾರಿಯಲ್ಲಿ ಎದೆ ಬಾಯಿಗೆ ಬಂದು ಕೂತಾಗ ವಾಚ್ ನೋಡಿದೆ: 94. ನಗು ಬಂತು. ಕತ್ತಿನ ಪಕ್ಕ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿದರೆ 38 ಸಿಕ್ಕಿತು, ನಾಲ್ಕರಿಂದ ಗುಣಿಸಿ, 152. ನನಗೆ 43 ವರ್ಷ, 220ರಲ್ಲಿ ವಯಸ್ಸು ಕಳೆದರೆ ಹೆಚ್ಚೆಂದರೆ 177 ಅಂತ ಒಂದು ಒರಟು ಲೆಕ್ಕ ಇದೆ, ಅಂದರೆ ನಾನು ಕೂತು ಸುಧಾರಿಸಿಕೊಳ್ಳಬೇಕಿತ್ತು, ವಾಚ್ ಮಾತ್ರ ಹಾಯಾಗಿ ಹೋಗು ಅನ್ನುತ್ತಿತ್ತು. ವಾಚನ್ನು ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ, ಸ್ವಲ್ಪ ಬಿಗಿಯಾಗಿ ಕಟ್ಟಿದರೆ ಸುಧಾರಿಸುತ್ತದೆ. ಆದರೂ ಬೆರಳಿಟ್ಟು ಎಣಿಸುವುದನ್ನು ಕಲಿತಿರಿ, ಅದಕ್ಕೆ ಚಾರ್ಜ್ ಬೇಡ.

ಕ್ಯಾಲರಿ ಲೆಕ್ಕ ನೋಡಲೇಬೇಡಿ. 2017ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಏಳು ಕೈಪಟ್ಟಿ ಸಾಧನಗಳನ್ನು ಪರೀಕ್ಷಿಸಿದ್ದರು, ಎಲ್ಲವೂ ದುಬಾರಿ ಗುಂಪಿನವೇ. ಎದೆಬಡಿತದಲ್ಲಿ ಆರು ಚೆನ್ನಾಗಿ ಬಂದವು, ಕ್ಯಾಲರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದೇ ಸರಾಸರಿ ಶೇಕಡ 27 ತಪ್ಪಿತ್ತು, ಕೆಟ್ಟದ್ದು ಶೇಕಡ 93. ಇನ್ನು ನಮ್ಮ 1,799ರದ್ದು. 300 ಕ್ಯಾಲರಿ ಸುಟ್ಟಿದ್ದೇನೆ ಅಂತ ಎರಡು ಮಸಾಲೆ ದೋಸೆ ಹೊಡೆದವನ ಮಾತು ಇದು. ಹೊಟ್ಟೆ ಯಾಕೆ ಇಳಿದಿರಲಿಲ್ಲ ಅಂತ ಗೊತ್ತಾಗಿದ್ದು ಹಾಗೆ.

ಈಗ ಬಿಪಿ. ನಮ್ಮಪ್ಪನಿಗೆ 71, ಹತ್ತು ವರ್ಷದಿಂದ ಬಿಪಿ ಮಾತ್ರೆ. ವಾಚ್ ಬಂದ ವಾರದಲ್ಲಿ ಅವರೇ ಖುಷಿಯಿಂದ ಕಟ್ಟಿಕೊಂಡು ನೋಡಿದರು. 121/79. ಮಾರನೇ ದಿನ 119/78. ನನಗೆ ನೋಡಿದರೂ ಅಷ್ಟೇ, ಮಗಳಿಗೆ ನೋಡಿದರೂ ಹೆಚ್ಚುಕಡಿಮೆ ಅಷ್ಟೇ. ಅಪ್ಪ ಸದ್ದಿಲ್ಲದೆ ಮಾತ್ರೆ ನಿಲ್ಲಿಸಿದ್ದರು, "ಎಲ್ಲಾ ಸರಿ ಇದೆಯಲ್ಲೋ, ಸುಮ್ನೆ ಯಾಕೆ ನುಂಗೋದು" ಅಂತ. ಆರನೇ ದಿನ ತಲೆ ಭಾರ ಅಂದರು. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ತೋಳಿಗೆ ಪಟ್ಟಿ ಕಟ್ಟಿಸಿದರೆ 172/98. ಡಾಕ್ಟರ್ ಬೈದಿದ್ದು ಅಪ್ಪನನ್ನಲ್ಲ, ನನ್ನನ್ನ. ಬಿಪಿ ಅಂದರೆ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ ರಕ್ತದ ಓಟ ಒಂದು ಕ್ಷಣ ನಿಲ್ಲಿಸಿ, ಬಿಡುವಾಗ ಅಳೆಯುವ ಒತ್ತಡ. ದೀಪ ಮಿನುಗಿಸುವ ವಾಚಿಗೆ ಒತ್ತಲು ಏನೂ ಇಲ್ಲ, ಅದು ನಾಡಿಯ ಆಕಾರ ನೋಡಿ ಊಹಿಸಬೇಕು, ಅಗ್ಗದ್ದು ಊಹಿಸುವ ಕಷ್ಟವನ್ನೂ ತಗೊಳ್ಳುವುದಿಲ್ಲ ಅಂತ ನನ್ನ ಅನುಮಾನ.

ಅನುಮಾನ ಯಾಕೆ ಬಂತು ಅಂದರೆ, ಆ ಸಿಟ್ಟಿನಲ್ಲಿ ಮನೆಗೆ ಬಂದು ಒಂದು ಬಾಳೆಕಾಯಿಗೆ ವಾಚ್ ಕಟ್ಟಿದೆ. ಬಾಳೆಕಾಯಿಯ ಎದೆಬಡಿತ 76, ಆಮ್ಲಜನಕ 98, ಬಿಪಿ 118/77. ಅಪ್ಪನಿಗೆ ತೋರಿಸಿದೆ. ಅವತ್ತು ರಾತ್ರಿಯಿಂದ ಮಾತ್ರೆ ತಪ್ಪಿಸಿಲ್ಲ, ಆ ಬಾಳೆಕಾಯಿ ಪಲ್ಯ ಆಯಿತು. ನೀವೂ ಅಂಗಡಿಯಿಂದ ತಂದ ದಿನವೇ ಈ ಪರೀಕ್ಷೆ ಮಾಡಿ. ಅಮ್ಮನಿಗೆ ಬೇರೆ ಒಂದೂವರೆ ಎರಡು ಸಾವಿರ ಹಾಕಿ ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಯಂತ್ರವನ್ನೇ ತನ್ನಿ. ಸಕ್ಕರೆ ತೋರಿಸುತ್ತದೆ ಅನ್ನುವ ವಾಚ್ ಕಂಡರಂತೂ ಅಂಗಡಿಯಿಂದಲೇ ಹೊರಗೆ ಬನ್ನಿ. ಚರ್ಮ ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಅನ್ನುವ ವಾಚು, ಉಂಗುರಗಳನ್ನು ಬಳಸಬೇಡಿ, ಅಂಥ ಒಂದಕ್ಕೂ ಒಪ್ಪಿಗೆ ಕೊಟ್ಟಿಲ್ಲ ಅಂತ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು.

ಇಷ್ಟೆಲ್ಲ ಬೈದವನು ಇನ್ನೂ ಯಾಕೆ ಕಟ್ಟಿಕೊಂಡಿದ್ದೀಯ ಅಂತ ಕೇಳಬಹುದು. ಕೈಯಲ್ಲಿ ನಡುಗುವ ಅಲಾರಂಗೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ನಲ್ಲಿ ನೀರು ಹೊಡೆಯಬೇಕು, ಇಷ್ಟು ಗಂಟೆಗೊಮ್ಮೆ ನೀರು ಚಿಮ್ಮುವ ಜೆಟ್ಟಿನ ಜಾಗ ಬದಲಾಯಿಸಬೇಕು, ರಾತ್ರಿಯೂ. ಮೊದಲು ಫೋನ್ ಅಲಾರಂ ಹೊಡೆದರೆ ಮನೆಯವರೆಲ್ಲ ಏಳುತ್ತಿದ್ದರು, ಈಗ ನನ್ನ ಕೈ ಒಂದೇ ಏಳುತ್ತದೆ. ಆಮೇಲೆ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಳಜೇಬಿಗಿಟ್ಟರೂ ಮಳೆಯಲ್ಲಿ ಯಾರ ಫೋನ್ ಅಂತ ಗೊತ್ತಾಗುತ್ತದೆ. ಇಲ್ಲೊಂದು ಎಚ್ಚರಿಕೆ, ಯಾವ ವಿಮರ್ಶೆಯಲ್ಲೂ ಇದನ್ನು ಯಾರೂ ಹೇಳಲಿಲ್ಲ: ಫೋನಿನಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಇಟ್ಟುಕೊಂಡಿದ್ದೀರಾ? ನನ್ನ ಮೊದಲ ವಾಚಿನಲ್ಲಿ ಅಮ್ಮ, ಸಾಹುಕಾರರು, ಗ್ಯಾಸಿನವನು ಎಲ್ಲರೂ ಒಂದೇ ಥರದ ಖಾಲಿ ಚೌಕಗಳು. ಈಗಿನದರಲ್ಲಿ ಅಕ್ಷರ ಬರುತ್ತವೆ, ಒತ್ತಕ್ಷರ ಮಾತ್ರ ಬಿಡಿಸಿಕೊಂಡು ಪಕ್ಕದಲ್ಲಿ ಕೂರುತ್ತವೆ. ಅಂಗಡಿಯಲ್ಲೇ ನಿಮ್ಮ ಫೋನಿಗೆ ಜೋಡಿಸಿ, ಗೆಳತಿಗೆ ಹೇಳಿ ಒಂದು ಕನ್ನಡ ವಾಟ್ಸಾಪ್ ಹಾಕಿಸಿ ನೋಡಿ.

ಮೊದಲ ವಾಚ್ ಅಂದೆನಲ್ಲ, ಅದು ಹೋಗಿದ್ದು ನಾಲ್ಕು ತಿಂಗಳಿಗೆ. ಐಪಿ68 ಅಂತ, ಅಂದರೆ ಧೂಳು, ನೀರು ಒಳಗೆ ಹೋಗುವುದಿಲ್ಲ ಅನ್ನುವ ಅಂಕಿ ಬರೆದಿತ್ತು, ಆಷಾಢದ ಮಳೆಯನ್ನೆಲ್ಲ ತಡೆಯಿತು, ಬಚ್ಚಲ ಹಂಡೆಯ ಮುಂದೆ ಸೋತಿತು. ಆ ಅಂಕಿ ಕೊಡುವುದು ತಣ್ಣೀರಿನ ಪರೀಕ್ಷೆಗೆ, ಬಿಸಿನೀರಿನ ಹಬೆ ಮತ್ತು ಸೋಪಿಗೆ ಅಲ್ಲ. ಗಾಜಿನೊಳಗೆ ಮಂಜು ಕೂತಿತು, ಎರಡು ದಿನದಲ್ಲಿ ಕಣ್ಣು ಮುಚ್ಚಿತು. ವಾರಂಟಿ ಕೇಳಿದರೆ ನೀರು ಹೋಗಿದ್ದಕ್ಕೆ ಇಲ್ಲ ಅಂದರು. ಒದ್ದೆ ಗಾಜು ತಾನೇ ಒತ್ತಿಕೊಳ್ಳುವುದೂ ಉಂಟು, ಒಮ್ಮೆ ಜಡಿಮಳೆಯಲ್ಲಿ ನನ್ನ ವಾಚ್ ಬೆಳಗಿನ ಜಾವ ಸಾಹುಕಾರರಿಗೆ ಫೋನ್ ಮಾಡಿಬಿಟ್ಟಿತು. ಅವರು ಏನೋ ಮರ ಬಿದ್ದಿರಬೇಕು ಅಂತ ಜೀಪಿನಲ್ಲೇ ಬಂದರು.

ನಿಮ್ಮ ಎರಡು ಸಾವಿರಕ್ಕೆ ನಾನಾಗಿದ್ದರೆ ಅಮೋಲೆಡ್ (ಪ್ರತಿ ಚುಕ್ಕಿಯೂ ತಾನೇ ಬೆಳಗುವ) ಪರದೆ ಇರುವುದನ್ನು ತಗೊಂಡು, ಅಂಗಡಿ ಹೊರಗೆ ಬಿಸಿಲಿಗೆ ಹಿಡಿದು ಓದಲು ಬರುತ್ತದಾ ಅಂತ ನೋಡುತ್ತಿದ್ದೆ. ನೂರು ಆಟದ ಮೋಡ್ ಇದೆ ಅನ್ನುವುದಕ್ಕೆ ಮರುಳಾಗುತ್ತಿರಲಿಲ್ಲ. ಬ್ಯಾಟರಿ ಏಳು ದಿನ ಅಂದರೆ ಮೂರು ದಿನ ಅಂತ ತಿಳಿಯಿರಿ, ವಾಚಿನಲ್ಲೇ ಮಾತಾಡುತ್ತಿದ್ದರೆ ಎರಡು. ಪಟ್ಟಿ 20 ಅಥವಾ 22 ಮಿಲಿಮೀಟರಿನ ಮಾಮೂಲಿ ಅಳತೆಯದ್ದಾಗಿರಲಿ, ಹರಿದರೆ ಬೇರೆ ಸಿಗುತ್ತದೆ. ಚಾರ್ಜ್ ಕೇಬಲ್ ಮಾತ್ರ ಒಂದೊಂದಕ್ಕೂ ಒಂದೊಂದು ಥರ, ಕಳೆದರೆ ಹುಡುಕುವುದು ತಲೆನೋವು. ನೋಟಿಫಿಕೇಶನ್ ಎರಡು ದಿನ ಬಂದು ನಿಂತರೆ ವಾಚ್ ಕೆಟ್ಟಿಲ್ಲ, ಫೋನಿನ ಬ್ಯಾಟರಿ ಉಳಿತಾಯ ಆ ಆ್ಯಪನ್ನು ಮುಚ್ಚಿರುತ್ತದೆ, ಸೆಟ್ಟಿಂಗಿನಲ್ಲಿ ಅದಕ್ಕೆ ವಿನಾಯಿತಿ ಕೊಡಿ. ನಿಮ್ಮ ಫೋನ್ ಯಾವುದು ಅಂತ ಬರೆದಿಲ್ಲ. ಐಫೋನ್ ಆಗಿದ್ದರೆ ಇಂಥ ವಾಚಿನಿಂದ ಮೆಸೇಜಿಗೆ ಉತ್ತರ ಕೊಡಲು ಆಗುವುದಿಲ್ಲ, ಓದಲು ಮಾತ್ರ. ಯಾವ ಫೋನ್ ಅಂತ ಹೇಳಿ, ಮಿಕ್ಕಿದ್ದು ಆಮೇಲೆ ಹೇಳುತ್ತೇನೆ.