ಪ್ರತಿಕ್ರಿಯೆ: ಪಿಯುಸಿ ಫೇಲಾದ ಮೇಲೆ ರೂಮು ಬಿಟ್ಟು ಬರದ ಮಗ

ಮಗ ಮೂರು ವಾರದಿಂದ ರೂಮಲ್ಲೇ ಇದ್ದಾನೆ, ಮಧ್ಯಾಹ್ನ ಏಳ್ತಾನೆ, ಧೈರ್ಯ ಹೇಳಿದರೆ ರೇಗ್ತಾನೆ ಅಂದಿದ್ದೀರಿ. ಹಾಗಾದರೆ ಧೈರ್ಯ ಹೇಳೋದನ್ನು ಸದ್ಯ ನಿಲ್ಲಿಸಿ ಮೇಡಂ. ‘ಇಷ್ಟಕ್ಕೆಲ್ಲಾ ಯಾಕೆ’ ಅನ್ನೋದು ಅವನಿಗೆ ‘ನೀನು ಕೈಲಾಗದವನು’ ಅಂತಲೇ ಕೇಳಿಸುತ್ತೆ.

ಮೊದಲು ಸರಿಮಾಡಬೇಕಾದ್ದು ಏಳುವ ಹೊತ್ತು, ಮಲಗುವ ಹೊತ್ತಲ್ಲ. ಬೇಗ ಮಲಗಿಸಿದರೆ ನಿದ್ದೆ ಬಾರದೆ ಮೊಬೈಲ್ ಹಿಡೀತಾನೆ. ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಬೇಗ ಎಬ್ಬಿಸಿ, ಎದ್ದಕೂಡಲೇ 20 ನಿಮಿಷ ಹೊರಗಿನ ಬೆಳಕಿಗೆ ಕರೆದುಕೊಂಡು ಬನ್ನಿ. ಭಾನುವಾರ ರಜೆ ಕೊಟ್ಟರೆ ವಾರದ ಶ್ರಮ ನೀರುಪಾಲು.

ಆಮೇಲೆ ದಿನಕ್ಕೊಂದೇ ಸಣ್ಣ ಕೆಲಸ, ಹೊತ್ತು ಗೊತ್ತುಮಾಡಿ: ಹಾಲು ತರೋದು, ಗೆಳೆಯನ ಜೊತೆ 15 ನಿಮಿಷ ಶಟಲ್. ‘ಮನಸ್ಸು ಬಂದಾಗ ಮಾಡ್ತೀನಿ’ ಅಂತಾನೆ. ಖಿನ್ನತೆಯಲ್ಲಿ ಕೆಲಸ ಮೊದಲು, ಮನಸ್ಸು ಆಮೇಲೆ. ಎರಡು ದಿನ ಗೆಲುವಾದ ಅಂತ ಟ್ಯೂಷನ್‌ಗೆ ಸೇರಿಸಬೇಡಿ, ಎಷ್ಟೋ ಮನೆಗಳಲ್ಲಿ ಕೆಡೋದೇ ಅಲ್ಲಿ. ಪಿಯುಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇದೆ, ಅದನ್ನು ಒಮ್ಮೆ ಹೇಳಿ ಸುಮ್ಮನಾಗಿ.

ಎರಡು ವಾರ ದಾಟಿರೋದರಿಂದ ಡಾಕ್ಟರಿಗೆ ತೋರಿಸಲೇಬೇಕು. ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಬೇಕಾ ಅಂತಲೂ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಉಚಿತ, ಕನ್ನಡದಲ್ಲೇ ಮಾತಾಡ್ತಾರೆ.

‘ಸಾಯಬೇಕು ಅನ್ನಿಸುತ್ತಾ?’ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟೋದಿಲ್ಲ. ಕೀಟನಾಶಕ, ಮಾತ್ರೆಗಳಿಗೆ ಇವತ್ತೇ ಬೀಗ ಹಾಕಿ. ಹೌದು ಅಂದರೆ ಒಂಟಿಯಾಗಿ ಬಿಡದೆ ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.