ಗೆಳೆಯರ ಅಳಲಿಗೆ ಕಿವಿಯಾಗುವುದು ಹೇಗೆ?

ಪ್ರಶ್ನೆ: ಹಾಸ್ಟೆಲ್‌ನಲ್ಲಿ ಗೆಳತಿಯರ ಕಷ್ಟ ಕೇಳಲು ಆರು ಜನ ಗುಂಪು ಕಟ್ಟಿದ್ದೇವೆ. ಹೇಗೆ ನಡೆಸಬೇಕು?
– ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಒಳ್ಳೆಯ ಕೆಲಸಕ್ಕೆ ಕೈಹಾಕಿದ್ದೀರಿ. ಆದರೆ ನೀವು ಕೇಳುವವರು, ಚಿಕಿತ್ಸೆ ಕೊಡುವವರಲ್ಲ. ಮೊದಲು ಆಪ್ತಸಮಾಲೋಚಕರಿಂದ ತರಬೇತಿ ಪಡೆಯಿರಿ. ವಾರಕ್ಕೆರಡು ಸಂಜೆ, ಇಬ್ಬಿಬ್ಬರಂತೆ ಸರದಿ ಹಾಕಿಕೊಳ್ಳಿ. ಒಬ್ಬರ ಮೇಲೇ ಭಾರ ಬಿದ್ದರೆ ಪರೀಕ್ಷೆ ಹೊತ್ತಿಗೆ ಅವರೇ ಕುಸಿಯುತ್ತಾರೆ. ಕೇಳಿದ್ದು ವಾಟ್ಸಾಪ್‌ಗೆ ಹೋಗಕೂಡದು. ಹಾಗಂತ "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. "ಜೀವಕ್ಕೆ ಅಪಾಯ ಅನಿಸಿದರೆ ಹೇಳ್ತೀನಿ" ಎಂದು ಮೊದಲೇ ತಿಳಿಸಿ.

ಅನುಮಾನ ಬಂದರೆ "ಸಾಯಬೇಕು ಅನಿಸ್ತಿದೆಯಾ?" ಎಂದು ನೇರವಾಗಿಯೇ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ವಾರ್ಡನ್‌ರನ್ನು ಕರೆಸಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.